ಗಾರ್ಕಿಂಗ್‌ನ ಸೀತನಿ

ನಮ್ಮ ಅವ್ವನ ತವರೂರು ನೀರಿನೊಳಗಿದೆ. ಹೊಳೆಬೇವಿನಾಳ ಅಂತ ಅದರ ಹೆಸರು. ಆಲಮಟ್ಟಿಯ ಹಿನ್ನೀರು ಏರಿದಾಗ ಊರವರು ಬಾಗಿಲು, ತೊಲೆ, ದೇವರು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ಎತ್ತರದ ಪುನರ್ವಸತಿ ಕೇಂದ್ರಕ್ಕೆ ಹೋದರು. ಹೊಳೆದಂಡೆಯ ಎರೆಮಣ್ಣಿನಲ್ಲಿ ಬೆಳೆಯುತ್ತಿದ್ದ ಜೋಳ ಅಲ್ಲಿನ ಕಲ್ಲುನೆಲಕ್ಕೆ ಒಗ್ಗಲಿಲ್ಲ. ಒಂದೆರಡು ವರ್ಷ ಬಿತ್ತಿ ನೋಡಿ ಕೊನೆಗೆ ಬೀಜವನ್ನೂ ಕಳೆದುಕೊಂಡರು. ಆ ಜೋಳಕ್ಕೆ ಹಾಲತೆನಿ ಅನ್ನುತ್ತಿದ್ದರಂತೆ. ಹಿಚುಕಿದರೆ ಹಾಲು, ಸುಟ್ಟರೆ ಸಕ್ಕರೆ ಎಂದು ಅವ್ವ ವರ್ಣಿಸುತ್ತಿದ್ದಳು. ತವರುಮನೆಯ ವಿಷಯದಲ್ಲಿ ಯಾವ ಹೆಣ್ಣುಮಗಳ ಮಾತನ್ನೂ ಅರ್ಧಕ್ಕಿಂತ ಹೆಚ್ಚು ನಂಬಬಾರದೆಂದು ನಾನು ಸುಮ್ಮನಿರುತ್ತಿದ್ದೆ.

ನಾನು ಮ್ಯೂನಿಕ್‌ನಲ್ಲಿ ಕಾರಿನ ಬ್ರೇಕು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಸರು ಸಂತೋಷಕುಮಾರ, ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಹೆಂಡತಿ ಮಧುಮತಿ ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಸ್ಯವಿಜ್ಞಾನಿ. ನಮ್ಮ ಮನೆಯೂ ಅಲ್ಲೇ. ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ನಾವು ಬದುಕುತ್ತೇವೆ. ಅವ್ವ ಗೌರಕ್ಕ ಬೇಸಿಗೆಯಲ್ಲಿ ವಿಸಿಟರ್ ವೀಸಾದ ಮೇಲೆ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ದು ಹೋಗುತ್ತಾಳೆ.

ಕಳೆದ ಚಳಿಗಾಲದಲ್ಲಿ ಮಧುಮತಿ ಒಂದು ದಿನ ಸಂಸ್ಥೆಯಿಂದ ಬಂದವಳೇ ಕೋಟು ಸಹ ಬಿಚ್ಚದೆ ಊರಿಗೆ ಫೋನು ಹಚ್ಚಿದಳು.

"ಅತ್ತಿ, ನಿಮ್ಮ ತವರಮನಿ ಜೋಳ ಸಿಕ್ಕೈತ್ರಿ."

ಅತ್ತ ಕಡೆಯಿಂದ ಅವ್ವ ಕೇಳಿದಳು, "ಎಷ್ಟ ಐತಿ?"

"ಒಂದ ಚಮಚಾನೂ ಇಲ್ರಿ."

ಆ ಚಮಚದಷ್ಟು ಕಾಳು ಜರ್ಮನಿಗೆ ಬಂದ ದಾರಿಯನ್ನು ಮಧುಮತಿ ನನಗೆ ಊಟಕ್ಕೆ ಕೂತಾಗ ವಿವರಿಸಿದಳು. ಬ್ರಿಟಿಷರ ಕಾಲದಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇತ್ತಂತೆ. ಒಂದು ಸೀಮೆಯ ಕೃಷಿ ಅಧಿಕಾರಿಗೆ ಒಳ್ಳೆಯ ಬೀಜ ಕಂಡರೆ ಅದಕ್ಕೆ ಚೀಟಿ ಹಚ್ಚಿ, ಎಷ್ಟು ಮಳೆಗೆ ಎಷ್ಟು ಇಳುವರಿ ಎಂದು ಇಂಗ್ಲಿಷಿನಲ್ಲಿ ವರದಿ ಬರೆದು, ಸಾಮ್ರಾಜ್ಯದ ಉಳಿದ ಸೀಮೆಗಳಿಗೆ ಕಳಿಸುತ್ತಿದ್ದ. ಅವರೂ ತಮ್ಮದನ್ನು ಕಳಿಸುತ್ತಿದ್ದರು. ಹಾಗೆ ಯಾವನೋ ಸಾಹೇಬ ಹೊಳೆಬೇವಿನಾಳದ ಯಾರದೋ ಹೊಲದಲ್ಲಿ ಕುದುರೆಯಿಂದ ಇಳಿದು ನಾಲ್ಕು ತೆನೆ ಮುರಿದುಕೊಂಡು ಹೋಗಿದ್ದ. ಆ ಕಾಳು ಮುಂಬೈ ಬಂದರು ದಾಟಿ ಸುಡಾನಿಗೆ ಹೋಯಿತು. ಸಾಮ್ರಾಜ್ಯ ಮುಗಿದ ಮೇಲೆ ಒಬ್ಬ ಜರ್ಮನ್ ಪ್ರೊಫೆಸರ್ ಸುಡಾನಿನಿಂದ ಒಂದು ಹಿಡಿ ತಂದು ಗಾಜಿನ ನಳಿಗೆಯಲ್ಲಿ ಹಾಕಿ ಮುಚ್ಚಿಟ್ಟ. ಈಗ ಆ ಸಂಗ್ರಹವನ್ನೇ ಮುಚ್ಚುತ್ತಿದ್ದರು. ಮುದಿಬೀಜಗಳನ್ನು ಹೇಗಾದರೂ ಬದುಕಿಸಿಕೊಳ್ಳಿ ಎಂದು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿದಾಗ ಜೋಳದ ಪೆಟ್ಟಿಗೆ ಮಧುಮತಿಯ ಪಾಲಿಗೆ ಬಂದಿತ್ತು. ನಳಿಗೆಯ ಮೇಲೆ ಊರಿನ ಹೆಸರಿತ್ತು.

"ದೊಡ್ಡ ಧಾರಾಳಿಗಳು ಬಿಡು. ನಮ್ಮ ಬುತ್ತಿ ಬಿಚ್ಚಿ ಊರಿಗೆಲ್ಲ ಹಂಚ್ಯಾರ. ಬುತ್ತಿ ಕಟ್ಟಿದಾಕಿಗೆ ಒಂದ ತುತ್ತು ತಿರುಗಿ ಕೊಟ್ಟಾರೇನು?" ಅಂದೆ.

"ಹಂಚಿದ್ದಕ್ಕ ಉಳದೈತ್ರಿ," ಅಂದಳು ಮಧುಮತಿ. "ಊರಾಗ ಇದ್ದಿದ್ರ ನೀರಿನ ಕೆಳಗ ಇರತಿತ್ತು."

ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ.

ಕಾಳುಗಳಲ್ಲಿ ಬಹುಪಾಲು ಸತ್ತಿದ್ದವು. ಮಧುಮತಿ ಅವನ್ನು ಒದ್ದೆ ಕಾಗದದಲ್ಲಿಟ್ಟು, ಔಷಧಿ ಹಾಕಿ, ಬಸಿರಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು. ಮೊಳೆತದ್ದು ಮೂರೇ. ಆ ಮೂರು ಗಿಡಗಳ ಮೇಲೆ ಎಷ್ಟು ಆಸೆ ಕಟ್ಟಲಾಯಿತೆಂದರೆ, ನನ್ನಂಥವನಿಗೂ ಭಯವಾಯಿತು. ಕಾಳು ಕಟ್ಟಿದರೆ ಅರ್ಧ ಇಲ್ಲಿ ಥಂಡಿಯಲ್ಲಿಡುವುದು, ಅರ್ಧ ಸರಿಯಾದ ಕಾಗದಪತ್ರದೊಂದಿಗೆ ವಿಜಯಪುರದ ಕೃಷಿ ವಿಜ್ಞಾನಿಗಳಿಗೆ ಕಳಿಸುವುದು, ಅಲ್ಲಿಂದ ಒಂದು ಸಾಲಿಗಾಗುವಷ್ಟು ಸಿದ್ದರಾಮಪ್ಪ ಮಾವನ ಹೊಲಕ್ಕೆ. ಸಿದ್ದರಾಮಪ್ಪ ಅವ್ವನ ತಮ್ಮ. ಸುದ್ದಿ ಕೇಳಿದ ದಿನವೇ ಹೋಗಿ, ಪುನರ್ವಸತಿ ಕೇಂದ್ರದ ಕೆಳಗಿನ ತಗ್ಗಿನಲ್ಲಿ ಒಂದು ಪಟ್ಟಿ ಎರೆಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದ. ವಾರಕ್ಕೊಮ್ಮೆ ಫೋನು ಮಾಡಿ, "ಮಧುಮತೆವ್ವಾ, ಹಿಂಗಾರಿಗೆ ಬರತೈತಿಲ್ಲೋ?" ಎಂದು ಕೇಳುತ್ತಿದ್ದ.

ಜೂನ್‌ನಲ್ಲಿ ಅವ್ವ ಬಂದಳು. ವಿಮಾನ ಇಳಿದ ಮರುದಿನವೇ ಜೋಳ ತೋರಿಸಿರೆಂದು ಹಟ ಹಿಡಿದಳು. ಗಾಜಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಧುಮತಿಯ ಸಹೋದ್ಯೋಗಿಗಳು ಇದು ಯಾವ ಹೊಸ ಶುಚಿತ್ವದ ನಿಯಮ ಎಂಬಂತೆ ತಮ್ಮ ಬೂಟು ನೋಡಿಕೊಂಡರು.

ಅದು ಚಳಿಗಾಲದ ಜೋಳ, ಹಗಲು ಚಿಕ್ಕದಾದರೇ ತೆನೆ ಹಾಕುವುದು. ಇಲ್ಲಿ ಬೇಸಿಗೆಯಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕು. ಆದ್ದರಿಂದ ದಿನಾ ಸಂಜೆ ಕುಂಡಗಳನ್ನು ಗಾಲಿಬಂಡಿಯಲ್ಲಿಟ್ಟು ಕತ್ತಲೆಕೋಣೆಗೆ ತಳ್ಳಬೇಕಿತ್ತು. ಶನಿವಾರದ ಪಾಳಿ ಮಧುಮತಿಯದು. ಅವ್ವನೂ ಜೊತೆಗೆ ಹೋಗಿ ಬಂಡಿಗೆ ಕೈ ಹಚ್ಚುತ್ತಿದ್ದಳು. "ಕೂಸಿಗೆ ಮಲಗಿಸಿದಂಗ ಮಲಗಸ್ತೀರಲ್ಲ ಇವನ್ನ," ಎಂದು ನಗುತ್ತಿದ್ದಳು. ಅವಳು ಅಷ್ಟು ಹಗುರಾಗಿದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ತೆನೆ ಹೊರಬಿದ್ದಾಗ ಮಧುಮತಿ ಮೂರಕ್ಕೂ ಕಂದು ಕಾಗದದ ಚೀಲ ತೊಡಿಸಿದಳು.

"ಬೀಜಕ್ಕ ಇಟ್ಟದ್ದಕ್ಕ ಚೀಲ ಹಾಕೀನ್ರಿ ಅತ್ತಿ. ಬ್ಯಾರೆ ಗಿಡದ ಹೂವಿನ ಪುಡಿ ತಾಗಬಾರದು."

"ನಾವೂ ಹಂಗ ಮಾಡತಿದ್ವಿ," ಅಂದಳು ಅವ್ವ. "ಬೀಜದ ತೆನಿಗೆ ಅರಿವಿ ಚೂರು ಕಟ್ಟತಿದ್ವಿ. ಕಟ್ಟಿದ್ದಕ್ಕ ಯಾರೂ ಕೈ ಹಚ್ಚತಿದ್ದಿಲ್ಲ. ಕಟ್ಟಲಾರದ್ದು ಬಂದವರಿಗೆ, ಹೋದವರಿಗೆ, ಹಕ್ಕಿಗೆ."

ಅತ್ತೆ ಸೊಸೆ ಇಬ್ಬರಿಗೂ ಪರಸ್ಪರ ಅರ್ಥವಾಗಿತ್ತು. ತೊಂದರೆ ಹುಟ್ಟಿದ್ದು ಅಲ್ಲೇ.

ಜುಲೈನಲ್ಲಿ ಒಂದು ಶನಿವಾರ ಅವ್ವನಿಗೆ ಮೊಣಕಾಲು ನೋವು, ಹೋಗಲಿಲ್ಲ. ಅದೇ ವಾರ ಮಧುಮತಿ ಹಾಲತೆನಿಯ ಮೂರೂ ಚೀಲ ತೆಗೆದಿದ್ದಳು. ಕಾಳು ಕಟ್ಟಿಯಾಗಿತ್ತು, ಇನ್ನು ಚೀಲದೊಳಗೇ ಬಿಟ್ಟರೆ ಬೂಷ್ಟು ಹಿಡಿಯುವ ಭಯ. ಪಕ್ಕದಲ್ಲಿ ಹೋಲಿಸಿ ನೋಡುವುದಕ್ಕೆಂದು ಮಾಲ್ದಂಡಿ ಜೋಳದ ಕುಂಡಗಳಿದ್ದವು. ಅದು ನಮ್ಮ ವಿಜಯಪುರದ ಯಾವ ಅಂಗಡಿಯಲ್ಲಾದರೂ ಸಿಗುವ ಜೋಳ. ಅವು ತಡವಾಗಿ ತೆನೆ ಹಾಕಿದ್ದರಿಂದ ಈಗ ಅವಕ್ಕೆ ಚೀಲ ಬಿದ್ದಿತ್ತು. ದಿನಾ ಬಂಡಿ ಹತ್ತಿ ಇಳಿಯುವ ಕುಂಡಗಳ ಜಾಗ ಬದಲಾಗುತ್ತಲೇ ಇತ್ತು, ಅವ್ವ ಎಲ್ಲವೂ ಹಾಲತೆನಿಯವೇ ಎಂದು ತಿಳಿದಿದ್ದಳು. ಹಾಗಲ್ಲ ಎಂದು ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಶನಿವಾರ ಸಂಸ್ಥೆಯಲ್ಲಿ ಗ್ರಿಲ್‌ಫೆಸ್ಟ್. ಜರ್ಮನ್ನರು ಬಿಸಿಲು ಬಿದ್ದರೆ ಸಾಕು, ಹುಲ್ಲಿನ ಮೇಲೆ ಇದ್ದಿಲು ಹಚ್ಚಿ ಸಾಸೇಜು ಸುಡುತ್ತಾರೆ. ಗಾಜಿನ ಮನೆಯ ಮಗ್ಗುಲಿಗೇ ಒಲೆ. ಮಧುಮತಿಯನ್ನು ಅವಳ ಬಾಸ್ ಏನೋ ತುರ್ತು ಎಂದು ಒಳಗೆ ಕರೆದುಕೊಂಡು ಹೋದ. ನಾನು ಬಟಾಟೆ ಸಲಾಡಿನ ಸಾಲಿನಲ್ಲಿ ನಿಂತು ಯಾರಿಗೋ ಬ್ರೇಕಿನ ಬಗ್ಗೆ ಉಪದೇಶ ಮಾಡುತ್ತಿದ್ದೆ. ಅವ್ವ ಸಾಸೇಜಿನ ವಾಸನೆಗೆ ಸೆರಗು ಮೂಗಿಗೆ ಹಿಡಿದು ದೂರದ ಬೆಂಚಿನ ಮೇಲೆ ಕೂತಿದ್ದಳು. ಅಲ್ಲೇ ಇನ್ನೊಬ್ಬ ಒಂಟಿಯಾಗಿ ಕೂತು ಬರೀ ಬ್ರೆಡ್ಡು, ಸೌತೆಕಾಯಿ ತಿನ್ನುತ್ತಿದ್ದ. ಅವನು ಇದ್ರೀಸ್, ಸುಡಾನಿನವನು. ಬೇರೆ ವಿಭಾಗದಲ್ಲಿ ಮಣ್ಣಿನ ಮೇಲೆ ಪಿಎಚ್‌ಡಿ ಮಾಡಲು ಹೊಸದಾಗಿ ಬಂದಿದ್ದ. ಹಂದಿಮಾಂಸ ಬಿದ್ದ ಒಲೆಯದ್ದು ಏನೂ ಅವನಿಗೆ ಆಗುತ್ತಿರಲಿಲ್ಲ.

ಅವ್ವ ಎದ್ದು ಬಂದು ನನ್ನ ತೋಳು ಹಿಡಿದಳು.

"ಸಂತ್ಯಾ, ಆ ತಮ್ಮ ಯಾರವನು? ಬರೇ ಬ್ರೆಡ್ ತಿನ್ನಾಕತ್ತಾನ."

"ತಿನ್ನಲಿ ಬಿಡವ್ವ."

"ಬಿಡವ್ವ ಅಂದ್ರ? ಹೊಲದಾಗ ಸೀತನಿ ನಿಂತಾಗ ಬಂದವನ್ನ ಉಪಾಸ ಕೂಡಸ್ತಾರೇನು?"

ಸೀತನಿ ಅಂದರೆ ಹಾಲುಗಾಳಿನ ಜೋಳವನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಯಾಗಿ ತಿನ್ನುವುದು. ಆ ಕಾಲಕ್ಕೆ ಹೊಲದ ಕಡೆ ಯಾರೇ ಬಂದರೂ, ವೈರಿಯೇ ಬಂದರೂ, ಒಂದು ಹಿಡಿ ಕೊಡದೆ ಕಳಿಸುವುದು ನಮ್ಮ ಕಡೆ ಮನೆತನಕ್ಕೇ ಅವಮಾನ. ನನಗೂ ಅದು ಗೊತ್ತು. ಆದರೆ ಅವ್ವ ಹೊಲ ಅಂದದ್ದು ಯಾವುದಕ್ಕೆ ಎಂದು ಯೋಚಿಸಲಿಲ್ಲ. "ನಿನಗ ತಿಳದಂಗ ಮಾಡು," ಎಂದು ಹೇಳಿ ಸಲಾಡಿಗೆ ತಟ್ಟೆ ಒಡ್ಡಿದೆ.

ಅವ್ವ ಗಾಜಿನ ಮನೆಗೆ ಹೋದಳು. ಚೀಲ ಕಟ್ಟಿದವನ್ನು ಮುಟ್ಟಲಿಲ್ಲ. ಚೀಲವಿಲ್ಲದ ಮೂರನ್ನು ಕಿತ್ತಳು. ನಮ್ಮ ಕಡೆ ಎರೆಹೊಲದ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಕುಂಡದ ಸಡಿಲ ಮಣ್ಣಿನಿಂದ ಅವು ಸಲೀಸಾಗಿ ಬಂದಿರಬೇಕು. ಹೊರಗೆ ಬಂದು ಕೈಸನ್ನೆ ಮಾಡಿ ಇದ್ರೀಸನಿಂದ ಹೊಸ ಅಲ್ಯೂಮಿನಿಯಂ ತಟ್ಟೆಯೊಂದನ್ನು ತರಿಸಿ, ಯಾವ ಮಾಂಸವೂ ತಾಗದ ಇದ್ದಿಲು ಹಾಕಿಸಿ, ಬೇರೆ ಕೆಂಡ ಮಾಡಿಸಿದಳು. ದಂಟು ಹಿಡಿದು ತೆನೆ ಹೊರಳಿಸುತ್ತ ಸುಟ್ಟಳು. ಟವೆಲಿನಲ್ಲಿ ಹಾಕಿ ಉಜ್ಜಿದಳು, ಹೊಟ್ಟು ಊದಿದಳು, ತನ್ನ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ಉದುರಿಸಿದಳು. ಇದ್ರೀಸ್ ಮೊದಲ ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ನಮ್ಮ ಅಮ್ಮನೂ ಹೀಗೇ ಸುಡುತ್ತಿದ್ದಳು," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದ. "ಈಗ ಅಲ್ಲಿ ಯುದ್ಧ. ಹೊಲ ಉಳಿದಿದೆಯೋ ಇಲ್ಲವೋ."

ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅವನ ತಲೆ ಸವರಿ ಇನ್ನೊಂದು ಹಿಡಿ ಕೊಟ್ಟಳು. ನಾಲ್ಕೈದು ಜರ್ಮನ್ನರೂ ಬಂದು ಅಂಗೈ ಒಡ್ಡಿದರು, "ಲೆಕರ್, ಲೆಕರ್" ಎಂದು ಹೊಗಳಿದರು. ನಾನೂ ತಿಂದೆ. ಸುಳ್ಳು ಹೇಳಲಾರೆ, ಅಂಥ ಸೀತನಿಯನ್ನು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಹಲ್ಲಿಗೆ ಸಿಕ್ಕ ಕೂಡಲೇ ಕಾಳು ಹಾಲಾಗುತ್ತಿತ್ತು. ತವರಿನ ಬಗ್ಗೆ ಅವ್ವ ಹೇಳಿದ್ದೆಲ್ಲ ನಿಜವೇ ಆಗಿತ್ತು.

"ಇದ ಐತಿ," ಅನ್ನುತ್ತಿದ್ದಳು ಅವ್ವ. "ಇದ ಐತಿ ನೋಡು. ನಮ್ಮವ್ವ ಸುಟ್ಟು ಕೊಡತಿದ್ದದ್ದು ಇದ."

ಆಗ ಮಧುಮತಿ ಒಳಗಿನಿಂದ ಬಂದಳು. ಬೆಂಚಿನ ಪಕ್ಕ ಬಿದ್ದಿದ್ದ ಮೂರು ದಂಟುಗಳನ್ನು, ಬಿಸಿಲಿಗೆ ಬಾಡಿದ ಬೇರುಗಳನ್ನು ನೋಡಿದಳು. ಗಾಜಿನ ಮನೆಯೊಳಗೆ ನೋಡಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಬಾಸ್ ಏನೋ ಬೈದಿರಬೇಕು ಅಂದುಕೊಂಡೆ.

"ಬಾರವ್ವಾ ಮಧು, ನಿನಗಂತ ತಗದ ಇಟ್ಟೀನಿ," ಎಂದು ಅವ್ವ ಕೊನೆಯ ಹಿಡಿಯನ್ನು ಅವಳ ಬಾಯಿಯ ಹತ್ತಿರ ಒಯ್ದಳು. "ಬಾಯಿ ತೆಗಿ."

ಮಧುಮತಿ ಬಾಯಿ ತೆರೆದಳು. ಅಗಿದಳು, ನುಂಗಿದಳು. "ಭಾಳ ಚಲೋ ಐತ್ರಿ ಅತ್ತಿ," ಅಂದಳು.

ಮನೆಗೆ ಬಂದ ಮೇಲೆ ಅವಳು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ಬಾಗಿಲು ಬಡಿದು ಕೇಳಿದಾಗ ವಿಷಯ ತಿಳಿಯಿತು. ನನಗೆ ಸಿಟ್ಟು ಬಂತು. ದುಃಖ ಬರಬೇಕಾದಲ್ಲಿ ನನಗೆ ಮೊದಲು ಸಿಟ್ಟೇ ಬರುವುದು.

"ಚೀಲ ಬದಲಿ ಮಾಡಿದ್ದು ಆಕಿಗೆ ಹೇಳಬೇಕಾಗಿತ್ತು."

"ನೀವು ಅಲ್ಲೇ ಇದ್ರಿ," ಅಂದಳು ಮಧುಮತಿ. "ತಿನ್ನೂ ಮುಂದ ಒಂದ ಮಾತು ಕೇಳಬೇಕಾಗಿತ್ತು."

ಇಬ್ಬರದೂ ಸರಿಯಿತ್ತು. ಆದ್ದರಿಂದ ಜಗಳ ಬೆಳೆಯಲಿಲ್ಲ.

ಮರುದಿನ ಅವಳು ದಂಟುಗಳ ಬುಡವನ್ನು ಮತ್ತೆ ಮಣ್ಣಿಗಿಟ್ಟಳು. ಒಂದು ಬುಡ ಹಸಿರು ಚಿಗುರಿನ ತುದಿ ತೋರಿಸಿ ಆಸೆ ಹುಟ್ಟಿಸಿತು, ಆಮೇಲೆ ಅದೂ ಕೊಳೆಯಿತು. ಟವೆಲು ಝಾಡಿಸಿ ಸಿಕ್ಕ ಕಾಳುಗಳನ್ನು ಪರೀಕ್ಷೆಗೆ ಹಾಕಿದಳು, ಎಲ್ಲವೂ ಬೆಂದಿದ್ದವು. ಗೊತ್ತಿದ್ದ ಸಂಗ್ರಹಗಳಿಗೆಲ್ಲ ಮೇಲ್ ಬರೆದಳು, ಎಲ್ಲಿಯೂ ಇರಲಿಲ್ಲ. ಸುಡಾನಿನಿಂದ ಉತ್ತರವೇ ಬರಲಿಲ್ಲ. ಫ್ರೀಜರಿನಲ್ಲಿ ಎಲೆಯ ಚೂರುಗಳಿವೆ, ಅದರಿಂದ ಡಿಎನ್ಎ ಓದಬಹುದು ಅಂದಳು. ಓದಿದರೆ ರೊಟ್ಟಿಯಾಗುತ್ತದೆಯೇ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿ ಕೇಳಲಿಲ್ಲ.

ಅವ್ವನಿಗೆ ಹೇಳುವುದು ಬೇಡವೆಂದು ನಿರ್ಧರಿಸಿದೆವು. ಅದು ಎಷ್ಟು ಕಷ್ಟದ್ದೆಂದು ಆಮೇಲೆ ತಿಳಿಯಿತು. ಅವಳು ದಿನವೂ ಚೀಲದೊಳಗಿನ ತೆನೆಗಳ ಯೋಗಕ್ಷೇಮ ಕೇಳುತ್ತಿದ್ದಳು. ತಮ್ಮನಿಗೆ ಫೋನು ಮಾಡಿ, "ಹೊಲಾ ಹಸನ ಮಾಡೀ ಇಲ್ಲೋ? ಸೀತನಿ ತಿಂದು ನೋಡೀನಿ, ನಮ್ಮದ ಐತಿ, ಬೀಜಾ ಬ್ಯಾರೆ ಕಟ್ಟಿ ಇಟ್ಟೀವಿ," ಅನ್ನುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಿದ್ದೆವು.

ಅವ್ವ ಹೊರಡುವ ವಾರ ಮಾಲ್ದಂಡಿ ಮಾಗಿತು. ಬೀಜ ನೋಡದೆ ವಿಮಾನ ಹತ್ತುವುದಿಲ್ಲ ಎಂದಳು. ಮಧುಮತಿ ಕೆಲಸ, ಮೀಟಿಂಗು, ತಲೆನೋವು ಎಂದು ನೆವ ಹೇಳಿ ಹೇಳಿ ಕೊನೆಗೆ ಸೋತಳು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಯಾವ ಧೈರ್ಯ ಕೊಡಲು ಹೋದೆನೋ ಗೊತ್ತಿಲ್ಲ.

ಅವ್ವ ತಾನೇ ಚೀಲ ಬಿಚ್ಚಿದಳು. ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಕಾಳು ನೋಡಿದಳು, ಒಂದನ್ನು ಹಲ್ಲಿಗೆ ಹಾಕಿ ಕಡಿದಳು. ಇನ್ನೊಂದು ಚೀಲ ಬಿಚ್ಚಿದಳು. ಮತ್ತೊಂದು.

"ಇದು ಮಾಲ್ದಂಡಿ," ಅಂದಳು. "ನಮ್ಮದೆಲ್ಲಿ ಮಧು?"

ಅವ್ವ ಸುತ್ತ ನೋಡಿದಳು. ಒಂದು ಮೂಲೆಯಲ್ಲಿ ಮೂರು ಖಾಲಿ ಕುಂಡಗಳಿದ್ದವು.

"ಅವತ್ತ ನಾ ಕಿತ್ತದ್ದು ಅವನ್ನ ಏನು?"

"ತಪ್ಪ ನಂದ್ರಿ ಅತ್ತಿ. ಚೀಲಾ ಬದಲಿ ಮಾಡಿದ್ದು ನಿಮಗ ಹೇಳಲಿಲ್ಲ."

ಅವ್ವ ಅಲ್ಲೇ ಇದ್ದ ಮಣ್ಣಿನ ಚೀಲದ ಮೇಲೆ ಕೂತಳು. "ನೀ ಗೊತ್ತಿದ್ದೂ ಅವತ್ತ ಬಾಯಿ ತೆಗದಿ," ಅಂದಳು.

ಮಧುಮತಿ ಅವಳ ಕಾಲ ಬುಡದಲ್ಲಿ ಕೂತು ಮಡಿಲಲ್ಲಿ ಮುಖ ಇಟ್ಟಳು. ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಕೈ ಮಾತ್ರ ಇಟ್ಟಿದ್ದಳು, ಸವರಲಿಲ್ಲ. ಅವಳ ಕಣ್ಣು ಆ ಕುಂಡಗಳ ಮೇಲೇ ಇತ್ತು. ಅಂಥ ಮುಖವನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ, ಅಪ್ಪನನ್ನು ಮಣ್ಣು ಮಾಡಿ ಬಂದ ದಿನ.

ಮನೆಗೆ ಬಂದು ನಾನೊಂದು ಉಪಾಯ ಹೇಳಿದೆ. ಸರಕಾರದವರು ಬೀಜ ಹೊರಗೆ ಬಿಡಲಿಲ್ಲ ಎಂದು ಮಾವನಿಗೆ ಹೇಳೋಣ, ಸರಕಾರದ ಮೇಲೆ ಹಾಕಿದರೆ ಯಾರೂ ಅನುಮಾನಿಸುವುದಿಲ್ಲ. ಅವ್ವ ತಲೆ ಅಲ್ಲಾಡಿಸಿದಳು. "ಹಚ್ಚು ಫೋನು," ಅಂದಳು. ನಾನು ವಿಡಿಯೋ ಹಚ್ಚಿ ಅವಳ ಮುಂದೆ ಹಿಡಿದೆ.

ಸಿದ್ದರಾಮಪ್ಪ ಮಾವ ಹೊಲದಲ್ಲೇ ಇದ್ದ. ಹೆಗಲ ಮೇಲೆ ಟವೆಲು, ಹಿಂದೆ ಹರಗಿ ಹಸನು ಮಾಡಿದ ಕರಿಮಣ್ಣು. ನಮಗೆ ತೋರಿಸಲೆಂದು ಫೋನನ್ನು ಒಮ್ಮೆ ಸುತ್ತ ತಿರುಗಿಸಿದ. ಒಂದು ಹರಳೂ ಇಲ್ಲದಂತೆ ಆರಿಸಿದ್ದ.

"ತಮ್ಮಾ," ಅಂದಳು ಅವ್ವ. "ಬೀಜಾ ಬರೂದಿಲ್ಲ."

"ಯಾಕಕ್ಕಾ?"

"ನಾ ತಿಂದೆ."

ಮಾವನಿಗೆ ತಿಳಿಯಲಿಲ್ಲ. ಅವ್ವ ಎಲ್ಲವನ್ನೂ ಹೇಳಿದಳು. ಚೀಲದ ವಿಷಯ ಹೇಳಿದಳು, ಆದರೆ ಸೊಸೆಯ ಹೆಸರೆತ್ತಲಿಲ್ಲ. ತಾನು ಕಿತ್ತದ್ದು, ಸುಟ್ಟದ್ದು, ಸುಡಾನಿನ ಹುಡುಗನಿಗೂ ಜರ್ಮನಿಯ ಮಂದಿಗೂ ಹಿಡಿ ಹಿಡಿ ಹಂಚಿದ್ದು ಹೇಳಿದಳು. "ಸೀತನಿ ಅಲ್ಲೇನೋ, ಹಂಚಲಾರದ ಹ್ಯಾಂಗ ಇರತೀ," ಅಂದಳು.

ಮಾವ ಟವೆಲಿನಿಂದ ಮುಖ ಒರೆಸಿಕೊಂಡ. ಹೊಲದ ಕಡೆ ತಿರುಗಿ ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಅವ್ವನಿಗೆ ಹಗುರವಾಗುತ್ತಿತ್ತು.

"ಹೆಂಗಿತ್ತಕ್ಕಾ?" ಎಂದು ಕೇಳಿದ.

"ಹಂಗ ಇತ್ತೋ. ಅವ್ವ ಸುಟ್ಟು ಕೊಡತಿದ್ದಳಲ್ಲ, ಹಂಗ."

ಮಾವ ಅರವತ್ತು ದಾಟಿದ ಮನುಷ್ಯ, ಮೀಸೆ ಬೆಳ್ಳಗಾಗಿದೆ. ಆದರೆ ಅವನ ಮುಂದಿನ ಮಾತು ಬಂದದ್ದು ಒಲೆಯ ಮುಂದೆ ಅಕ್ಕನ ಪಕ್ಕ ಕೂತ ಕೂಸಿನ ಬಾಯಿಂದ.

"ನನಗೊಂದ ಹಿಡಿ ಇಡಬೇಕಾಗಿತ್ತಲ್ಲಕ್ಕಾ," ಅಂದ.

ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಇಬ್ಬರ ಅಳುವಷ್ಟೇ ಕೇಳಿಸುತ್ತಿತ್ತು.